ಒಂಬತ್ತಡಿ ಪಯಣ

ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಮ್ಮಿಗೆ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೇ ತಪ್ಪಾಯಿತು. "ತಾತ, ಇಂಥದ್ದು ಮಾಡ್ಕೊಡು" ಅಂದ. ರೈಲಾದರೆ ಹಳಿ ಹಾಸಬೇಕು. ರಸ್ತೆಯ ಮೇಲೇ ಉರುಳುವ ಹಳೇ ಕಾಲದ ಉಗಿ ಟ್ರ್ಯಾಕ್ಟರ್ ಆದರೆ ಆ ಖರ್ಚಿಲ್ಲ ಅಂತ ನನ್ನ ಲೆಕ್ಕ.

ಗುಜರಿ ಅಂಗಡಿಯವನು ನನ್ನನ್ನು ಹೆಸರು ಹಿಡಿದು ಕರೆಯುವಷ್ಟು ಅಲೆದೆ. ತಾಮ್ರದ ಪೈಪಿನ ತುಂಡು ಬಾಯ್ಲರ್ ಆಯಿತು, ಹಿತ್ತಾಳೆಯ ಸೈಕಲ್ ಪಂಪು ಸಿಲಿಂಡರ್ ಆಯಿತು, ಹೊಲಿಗೆ ಮಿಷನ್ನಿನ ಕೈಚಕ್ರ ಫ್ಲೈವೀಲ್ ಆಯಿತು. ಸೇಫ್ಟಿ ವಾಲ್ವಿಗೆ ಮಾತ್ರ ಹೊಸ್ತಿಲು ದಾಟಬೇಕಾಗಲಿಲ್ಲ. ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ ಬಂದ ಕೂಡಲೇ ಏಳುವ ಸಾಮಾನು ನಮ್ಮ ಕುಕ್ಕರ್ ಮೇಲೇ ಕೂತಿತ್ತು. ಕೇಳಿ ತೆಗೆದುಕೊಂಡೆ ಅಂತ ನಾನು ಈಗಲೂ ವಾದಿಸುತ್ತೇನೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸ್ಪಿರಿಟ್ ದೀಪ ಹಚ್ಚಿದೆ. 1865ರಲ್ಲಿ ಬ್ರಿಟನ್ನಿನವರು ಇಂಥ ಗಾಡಿಯ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು ಅಂತ ಕಾನೂನೇ ಮಾಡಿದ್ದರು. ನಾವೇನು ಕಮ್ಮಿ? ಮೊಮ್ಮಗ ನನ್ನ ಕೆಂಪು ಟವೆಲ್ ಹಿಡಿದು ಗೇಟಿನ ಹತ್ತಿರ ನಿಂತ.

ಗಾಡಿ 'ಚುಸ್' ಅಂತು. ನಡುಗಿತು. ಹಿಂದಕ್ಕೆ ಹೊರಟಿತು!

ಎಕ್ಸೆಂಟ್ರಿಕ್ ಅಂದರೆ ಸಿಲಿಂಡರಿಗೆ ಉಗಿ ಬಿಡುವ ಕವಾಟವನ್ನು ಆಡಿಸುವ ಬಿಲ್ಲೆ. ಚಕ್ರ ತಿರುಗಿಸುವ ಕ್ರ್ಯಾಂಕಿಗಿಂತ ಮುಂದಿರಬೇಕಾದ ಅದನ್ನು ಹಿಂದೆ ಕೂರಿಸಿದ್ದೆನಂತೆ, ಅಷ್ಟೇ. ರಂಗೋಲಿಯ ಮೇಲೆ ಎರಡು ಗೆರೆ ಎಳೆದು, ಒಂಬತ್ತಡಿ ಸಾಗಿ, ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಮೊರಕ್ಕೆ ಗುದ್ದಿ ನಿಂತಿತು. ಬಾವುಟದವನು ಗೇಟಿನಲ್ಲೇ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಏನ್ರೀ ಇದು?" ಎಂಬಲ್ಲಿಂದ ಹೊರಟ ಮಾತು ನನ್ನ ಸೋದರಮಾವಂದಿರವರೆಗೂ ಹೋಯಿತು. ಅಷ್ಟರಲ್ಲಿ ಬಾಯ್ಲರಿನ ನೀರು ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ಬಾಯ್ಲರಿಗೆ ಬೆಳ್ಳಿ ಬೆಸುಗೆಯೇ ಆಗಬೇಕು ಅಂತ ತಿಳಿದವರು ಹೇಳಿದ್ದರು. ದುಡ್ಡು ಉಳಿಸಲು ನಾನು ಹಾಕಿದ್ದು ರೇಡಿಯೋ ರಿಪೇರಿಯ ಸೀಸದ ಬೆಸುಗೆ. ಅದು 183 ಡಿಗ್ರಿಗೇ ಕರಗಲು ಶುರು. ಒಳಗೆ ನೀರಿರುವ ತನಕ ಮರ್ಯಾದೆ ಉಳಿಸಿಕೊಂಡಿತ್ತು. ನೀರು ಮುಗಿದದ್ದೇ, ತೊಟ್ಟು ತೊಟ್ಟಾಗಿ ಇಳಿಯಿತು. ದೊಡ್ಡ ಎಂಜಿನ್ನುಗಳಲ್ಲಿ ನೀರು ತಗ್ಗಿದರೆ ಕರಗಲೆಂದೇ ಒಂದು ಪುಟ್ಟ ಬಿರಡೆ ಇರುತ್ತದೆ. ನನ್ನದರಲ್ಲಿ ಬಾಯ್ಲರಿಗೆ ಬಾಯ್ಲರೇ ಬಿರಡೆ.

ಹೆಂಡತಿ ಇಕ್ಕಳದಲ್ಲಿ ವೆಯ್ಟ್ ಎತ್ತಿಕೊಂಡು, ನಲ್ಲಿಯ ಕೆಳಗೆ ಹಿಡಿದು, ಒಳಗೆ ಹೋದಳು. ಕಾಲು ಗಂಟೆಯಲ್ಲಿ ಅಡುಗೆಮನೆಯಿಂದ ಕೂಗು ಕೇಳಿತು. ಮೊಮ್ಮಗ ಟವೆಲ್ ಬೀಸುತ್ತಾ ಅತ್ತ ಓಡಿದ.