ಸತ್ಯಾಂಶ: ಪರ್ಸೆಂಟ್ ಡಿ ಹಾಕಿದರೆ ದಶಮಾಂಶ ಮಾಯವಾಗುತ್ತದಾ?

ಕಾಸರಗೋಡಿನ ಕಾಲೇಜು ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ: ‘ಸಿ ಭಾಷೆಯಲ್ಲಿ ದಶಮಾಂಶ ಬೇಡವೇ? ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಡಿ ಹಾಕಿ, ಸಾಕು.’ ಪ್ರಿಂಟ್‌ಎಫ್ ಅಂದರೆ ಪರದೆ ಮೇಲೆ ಬರೆದು ತೋರಿಸುವ ಆಜ್ಞೆ; ಪರ್ಸೆಂಟ್ ಡಿ (%d) ಅದರಲ್ಲಿ ಪೂರ್ಣಾಂಕ ತೋರಿಸುವ ಗುರುತು. ಆದರೆ ಈ ಫಾರ್ವರ್ಡ್ ಹೇಳುವುದು ತಪ್ಪು.

ಅಡಿಕೆ 12.75 ಕಿಲೋ ಇದೆ ಎನ್ನಿ. ಅದನ್ನು ಫ್ಲೋಟ್‌ನಲ್ಲಿಟ್ಟು (ದಶಮಾಂಶ ಸಂಖ್ಯೆ ಇಡುವ ಬಗೆ) ಪರ್ಸೆಂಟ್ ಡಿ ಕೊಟ್ಟರೆ 12 ಬರುವ ಖಾತ್ರಿ ಇಲ್ಲ, ಏನೋ ಕಸದ ಸಂಖ್ಯೆ ಬರಬಹುದು. ಪ್ರಿಂಟ್‌ಎಫ್‌ಗೆ ಫ್ಲೋಟ್ ಹೋಗುವುದು ಡಬಲ್ ಎಂಬ ಇನ್ನೊಂದು ದಶಮಾಂಶ ಬಗೆಯಾಗಿ. ಪರ್ಸೆಂಟ್ ಡಿ ಹುಡುಕುವುದು ಇಂಟ್, ಅಂದರೆ ಪೂರ್ಣಾಂಕ. ಬಸ್ಸಿನ ಮಲಯಾಳಂ ಬೋರ್ಡನ್ನು ಕನ್ನಡ ಅಂದುಕೊಂಡು ಓದಿದ ಹಾಗೆ, ಅಲ್ವಾ?

12 ಬೇಕಾದರೆ ಆ ಫ್ಲೋಟ್‌ನ ಹೆಸರಿಗಿಂತ ಮೊದಲು ಕಂಸದಲ್ಲಿ ಇಂಟ್ ಎಂದು ಬರೆದು, ಆಮೇಲೆ ಪರ್ಸೆಂಟ್ ಡಿ ಹಾಕಿ. ಪರ್ಸೆಂಟ್ ಪಾಯಿಂಟ್ ಸೊನ್ನೆ ಎಫ್ (%.0f) ಹಾಕಿದರೆ ಹತ್ತಿರದ ಪೂರ್ಣಾಂಕ 13 ಕಾಣುತ್ತದೆ, ಒಳಗಿನ 12.75 ಮಾತ್ರ ಹಾಗೇ ಇರುತ್ತದೆ. ಸಿ ಕೋಡನ್ನು ಕಂಪೈಲ್ ಮಾಡುವ ಜಿಸಿಸಿಯಲ್ಲಿ ಎಚ್ಚರಿಕೆ ತೋರಿಸುವ ಡ್ಯಾಶ್ ವಾಲ್ (-Wall) ಹಾಕಿ ನೋಡಿ, ಇಂಥ ತಪ್ಪಿಗೆ ಅದೇ ಬೈಯುತ್ತದೆ.