ಆ ಲೇಖನಗಳಲ್ಲಿ ಏನಿತ್ತು ಎಂದು ಯಾರೂ ಹೇಳಲಿಲ್ಲ

ನಿನ್ನೆ ಸಂಜೆ ಬಳ್ಳಾರಿಯಲ್ಲಿ ನಡೆದ ಸನ್ಮಾನ ಸಮಾರಂಭದಿಂದ ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಸನ್ಮಾನಿತರು ಹಿರಿಯ ಕ್ಯಾನ್ಸರ್ ಶಸ್ತ್ರವೈದ್ಯರು. ಅವರ ಬಗ್ಗೆ ನನಗೆ ಗೌರವವಿದೆ, ನನ್ನ ದೂರು ಅವರ ಮೇಲಲ್ಲ. ಪರಿಚಯ ಮಾಡಿಕೊಟ್ಟವರು ಎಷ್ಟು ಸಂಶೋಧನಾ ಲೇಖನ, ಬೇರೆ ಲೇಖನಗಳಲ್ಲಿ ಅವುಗಳಿಗೆ ಎಷ್ಟು ಉಲ್ಲೇಖ, ಇವೆರಡರಿಂದ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಷ್ಟು ಎಂದು ಓದುತ್ತಾ ಹೋದರು, ಪ್ರತಿ ಸಂಖ್ಯೆಗೂ ಸಭೆ ಚಪ್ಪಾಳೆ ತಟ್ಟಿತು. ಆ ಲೇಖನಗಳಿಂದ ಯಾವ ರೋಗಿಗೆ ಏನು ಉಪಕಾರವಾಯಿತು ಎಂಬ ಒಂದು ಮಾತೂ ಬರಲಿಲ್ಲ.

ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ನಾನು ಮಾಡುತ್ತಿದ್ದ ಕೆಲಸ ನಿಮಗೆಲ್ಲ ಗೊತ್ತೇ ಇದೆ. ಇಂಥ ಸಂಖ್ಯೆಗಳನ್ನು ಹುಡುಕಿ ಪಟ್ಟಿ ಮಾಡಿಕೊಡುವುದೂ ಅದರಲ್ಲಿ ಸೇರಿತ್ತು. ಎಚ್-ಇಂಡೆಕ್ಸನ್ನು 2005ರಲ್ಲಿ ಮುಂದಿಟ್ಟ ಹಿರ್ಷ್ ವೈದ್ಯರಲ್ಲ, ಭೌತವಿಜ್ಞಾನಿ. ಒಬ್ಬರ 20 ಲೇಖನಗಳು ತಲಾ 20 ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಎಚ್-ಇಂಡೆಕ್ಸ್ 20. ಜೀವಮಾನದಲ್ಲಿ ಮೂರೇ ಲೇಖನ ಬರೆದು, ಅವುಗಳಿಂದ ಒಂದು ಶಸ್ತ್ರಚಿಕಿತ್ಸೆಯ ವಿಧಾನವನ್ನೇ ಬದಲಿಸಿದವರ ಎಚ್-ಇಂಡೆಕ್ಸ್ ಎಂದಿಗೂ ಮೂರನ್ನು ದಾಟುವುದಿಲ್ಲ. ನೂರಾರು ಜನ ಸೇರಿ ಬರೆದ ಲೇಖನಕ್ಕೆ ಬಂದ ಉಲ್ಲೇಖಗಳಾದರೋ, ಅದರಲ್ಲಿ ಹೆಸರಿರುವ ಪ್ರತಿಯೊಬ್ಬರ ಖಾತೆಗೂ ಪೂರ್ತಿಯಾಗಿಯೇ ಜಮೆಯಾಗುತ್ತವೆ.

ಶಸ್ತ್ರವೈದ್ಯರ ವಿಷಯದಲ್ಲಿ ಈ ಅನ್ಯಾಯ ಇನ್ನೂ ದೊಡ್ಡದು. ಉಲ್ಲೇಖಿಸುವವರು ಲೇಖನ ಬರೆಯುವವರು. ಓದಿಕೊಂಡು, ಆಪರೇಷನ್ ಥಿಯೇಟರಿನಲ್ಲಿ ತಾವು ಮಾಡುವ ಕ್ರಮವನ್ನೇ ತಿದ್ದಿಕೊಳ್ಳುವ ವೈದ್ಯರು ಯಾವ ಎಣಿಕೆಗೂ ಸಿಗುವುದಿಲ್ಲ.

ಅಣ್ಣನ ಸಂಗತಿಯನ್ನು ನಾನು ಇಲ್ಲಿ ಈವರೆಗೆ ಬರೆದಿರಲಿಲ್ಲ. ವರ್ಷಗಟ್ಟಲೆ ಗುಟ್ಕಾ ಹಾಕಿದ ಅವನ ನಾಲಿಗೆಯ ಅಂಚಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾದಾಗ, ವೈದ್ಯರು ರೋಗ ಹರಡಬಹುದಾದ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಬೇಕು ಎಂದರು. ಅಲ್ಲಿ ಗಂಟೇ ಇಲ್ಲವಲ್ಲ, ಕುತ್ತಿಗೆ ಯಾಕೆ ಕೊಯ್ಯುತ್ತೀರಿ ಎಂದು ಅತ್ತಿಗೆ ಅತ್ತುಬಿಟ್ಟರು. ಆಗ ಆ ತರುಣ ವೈದ್ಯರು ಸಮಾಧಾನದಿಂದ ವಿವರಿಸಿದ್ದು, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಆ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ಶೇ. 80ರಷ್ಟು ಜನ ಬದುಕಿದ್ದರು. ರೋಗ ಅಲ್ಲಿ ಕಾಣಿಸಿಕೊಂಡ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ಶೇ. 67.5ರಷ್ಟು ಜನ ಮಾತ್ರ. ಅಣ್ಣ ಇಂದು ನಮ್ಮೊಂದಿಗಿದ್ದಾನೆ. ಆ ಲೇಖನದ ಉಲ್ಲೇಖಗಳ ಪಟ್ಟಿಯಲ್ಲಿ ಅವನ ಲೆಕ್ಕ ಎಲ್ಲಿದೆ?

ಅದೇ ಆಸ್ಪತ್ರೆಯ ರಾಜೇಂದ್ರ ಬಡ್ವೆ ಮತ್ತು ಸಹೋದ್ಯೋಗಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೀಗೆಯೇ. ಸ್ತನ ಕ್ಯಾನ್ಸರಿನ ಗಡ್ಡೆಯನ್ನು ತೆಗೆಯುವ ಸ್ವಲ್ಪ ಮೊದಲು ಅದರ ಸುತ್ತ ಲಿಡೋಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಚುಚ್ಚಿದಾಗ, ಐದು ವರ್ಷ ಬದುಕುಳಿದವರ ಪ್ರಮಾಣ ಶೇ. 86.4ರಿಂದ 90.1ಕ್ಕೆ ಏರಿತು. ಇದು ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಅಗ್ಗದ ಔಷಧ. ಪರಿಚಯವೆಂದರೆ ಹೀಗೆ ಹೇಳಬೇಕು. ಹಾಗೆ ಹೇಳಿದ್ದರೆ ನಿನ್ನೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನರ್ಸಿಂಗ್ ವಿದ್ಯಾರ್ಥಿನಿಯರು ಅದನ್ನು ಮನಸ್ಸಿಟ್ಟು ಕೇಳುತ್ತಿದ್ದರು.

ಸಂಖ್ಯೆಯನ್ನು ಬಿಟ್ಟರೆ ಬಡ್ತಿ, ಪ್ರಶಸ್ತಿಗಳೆಲ್ಲ ಜಾತಿ ಮತ್ತು ಶಿಫಾರಸಿನ ಪಾಲಾಗುತ್ತವೆ ಎಂದು ಸ್ನೇಹಿತರೊಬ್ಬರು ವಾದಿಸಿದರು. ಆ ಭಯ ಸುಳ್ಳಲ್ಲ. ಆದರೆ ಸಂಖ್ಯೆಯನ್ನೂ ಬೆಳೆಸಿಕೊಳ್ಳಬಹುದು: ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಿವೆ, ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿಕೊಳ್ಳುವವರಿದ್ದಾರೆ. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಅಳತೆ) ನೋಡಿ ವಿಜ್ಞಾನಿಯನ್ನು ಅಳೆಯಬೇಡಿ, ಬರೆದದ್ದರ ಸತ್ವವನ್ನು ನೋಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರೇ ಘೋಷಣೆ ಸಿದ್ಧಪಡಿಸಿದರು. ಇಷ್ಟು ವರ್ಷಗಳಾದರೂ ನಮ್ಮ ವೇದಿಕೆಗಳಿಗೆ ಆ ಮಾತು ತಲುಪಿಲ್ಲ ಎಂಬುದೇ ನನ್ನ ಸಂಕಟ.

ಬಳ್ಳಾರಿ, ರಾಯಚೂರು, ಕೊಪ್ಪಳಗಳ ಕಿರಿಯ ಶಸ್ತ್ರವೈದ್ಯರಲ್ಲಿ ಒಂದು ವಿನಂತಿ. ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಚಿಕಿತ್ಸೆಗೆಂದು ದೂರದ ಊರಿಗೆ ಹೋಗಬೇಕಾದ ನಮ್ಮ ಕೂಲಿಕಾರರಲ್ಲಿ ಎಷ್ಟು ಜನ ಅದನ್ನು ಪೂರ್ತಿ ಮಾಡುತ್ತಾರೆ, ಎಷ್ಟು ಜನ ಭತ್ತದ ನಾಟಿಯ ಹೊತ್ತಿಗೆ ನಡುವೆಯೇ ಬಿಟ್ಟು ಬರುತ್ತಾರೆ ಎಂಬುದನ್ನು ನಿಮ್ಮ ರಿಜಿಸ್ಟರುಗಳನ್ನು ತೆರೆದು ಬರೆಯಿರಿ. ಹೆಚ್ಚು ಜನ ಉಲ್ಲೇಖಿಸದಿದ್ದರೂ ಅದು ಆಗಲೇಬೇಕಾದ ಕೆಲಸ. ಅದಕ್ಕೆ ಬೇಕಾದ ಹಿಂದಿನ ಲೇಖನಗಳನ್ನು ಹುಡುಕಿಕೊಡಲು ನಾನು ಸಿದ್ಧ, ಇನ್‌ಬಾಕ್ಸ್‌ಗೆ ಬರೆಯಿರಿ.