ಗಂಟು ಹಾಕಿದ ಕೇಬಲ್

ನಿನ್ನೆ ಸಂಜೆಯ ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲೇ ಮಂಡ್ಯದಲ್ಲಿ ಒಂದು ಭಾವಗೀತೆ ಕಾರ್ಯಕ್ರಮ. ಯಾವ ಹಾಲ್, ಯಾರು ಮಾಡಿಸಿದ್ದು ಅಂತ ಕೇಳಬೇಡಿ, ಹೇಳಲ್ಲ. ಹಾಡುತ್ತಿದ್ದವರು ಎಪ್ಪತ್ತು ದಾಟಿದ ಹಿರಿಯ ಹೆಂಗಸು. ಪಲ್ಲವಿ ಮುಗಿಸಿ ಚರಣಕ್ಕೆ ಏರುವ ಹೊತ್ತಿಗೆ ಸರಿಯಾಗಿ ಶುರುವಾಯಿತು, ಚರ್ ಚರ್ ಚರ್. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ. ಆಮೇಲೆ ದನಿಯೇ ಇಲ್ಲ. ಅವರ ತುಟಿ ಆಡುತ್ತಿದೆ, ಬರೀ ತಬಲಾ ಕೇಳುತ್ತಿದೆ.

ಸೌಂಡ್ ಹುಡುಗ ಓಡಿ ಬಂದ. ಮೈಕಿನ ತಲೆಗೆ ಎರಡು ಕೊಟ್ಟ. ಊದಿದ. ಹಲೋ ಹಲೋ ಅಂದ. ಬಂತು. ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಮತ್ತೆ ಹೋಯಿತು. ಈ ಸಲ ಮೈಕೇ ಬದಲಾಯಿಸಿದ. ಬೇರೆ ಮೈಕು, ಅದೇ ಕೇಬಲ್. ಚುಚ್ಚುವಾಗ ಕೇಬಲ್ ಒಂಚೂರು ಅಲ್ಲಾಡಿತಲ್ಲ, ಹಾಗಾಗಿ ಬಂತು. ಜನ ಚಪ್ಪಾಳೆ ಬೇರೆ ಹೊಡೆದರು! ಎರಡು ಸಾಲು ಆಗುವಷ್ಟರಲ್ಲಿ ಮತ್ತೆ ಚರ್ ಚರ್. ನಾನು ಎದ್ದೆ. ಹೆಂಡತಿ ಅಂಗಿ ಹಿಡಿದು ಎಳೆದಳು. "ನಿಮ್ಮ ಪ್ರೋಗ್ರಾಂ ಅಲ್ಲ ಇದು, ಸುಮ್ನೆ ಕೂತ್ಕೊಳಿ." ಕೂತೆ. ಮೂರನೇ ಹಾಡಿಗೆ ಬೇರೆ ಕೇಬಲ್ ಎಳೆದ ಮೇಲೆ ಎಲ್ಲ ಸರಿಹೋಯಿತು.

ಇಲ್ಲಿಯವರೆಗೆ ನನಗೆ ಅಂಥ ಸಿಟ್ಟೇನೂ ಇರಲಿಲ್ಲ. ಕೇಬಲ್ ಅಂದಮೇಲೆ ಯಾವತ್ತೋ ಒಂದು ದಿನ ಕೈಕೊಡುತ್ತದೆ. ತಲೆ ಕೆಟ್ಟಿದ್ದು ಕಾರ್ಯಕ್ರಮ ಮುಗಿದ ಮೇಲೆ. ಆ ಹುಡುಗ ಕೆಟ್ಟ ಕೇಬಲನ್ನೂ ಸುತ್ತಿ, ಉಳಿದ ಹದಿನೈದರ ಜೊತೆ ಅದೇ ಗೋಣಿಚೀಲಕ್ಕೆ ತುಂಬಿದ. ಕೇಳಿಯೇಬಿಟ್ಟೆ. "ಏನ್ ಮರಿ, ಅದು ಹಾಳಾಗಿದೆಯಲ್ಲ?"

"ಇಲ್ಲ ಕಣಣ್ಣ, ಮೈಕು ಓಗ್ಬುಟ್ಟದೆ. ವಸಾದು ತಗಬೇಕು."

ಮೈಕು ಹೋಗಿದೆಯಂತೆ. ಎರಡು ಮೈಕು ಒಂದೇ ಸಂಜೆ, ಒಂದೇ ಕೇಬಲ್ ತುದಿಯಲ್ಲಿ, ಒಂದೇ ಥರ ಹೋಗುತ್ತವಾ?

ನಮ್ಮಪ್ಪನ ಮೈಕ್‌ಸೆಟ್ ಅಂಗಡಿ ನಿಮಗೆಲ್ಲ ಗೊತ್ತೇ ಇದೆ. ತೆಂಗಿನಮರಕ್ಕೆ ಹಾರ್ನ್ ಕಟ್ಟುತ್ತಿದ್ದ ಕಾಲದ್ದು. ನಾನು ಬೆಳೆದಿದ್ದೇ ಬೆಸುಗೆಯ ಹೊಗೆಯಲ್ಲಿ. 2024ರ ಡಿಸೆಂಬರ್‌ನಲ್ಲಿ ನಮ್ಮೂರಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ನಾನು ಪುಸ್ತಕ ನೋಡಿದ್ದಕ್ಕಿಂತ ವೇದಿಕೆ ಪಕ್ಕದ ಕೇಬಲ್ ನೋಡಿದ್ದೇ ಜಾಸ್ತಿ. ಕಾಯಿಲೆ ಅಂತ ಬೇಕಾದರೂ ಅನ್ನಿ.

ಈ ಮೈಕ್ ಕೇಬಲ್ ಏನು ಬ್ರಹ್ಮವಿದ್ಯೆಯಾ? ಒಳಗೆ ಎರಡು ಸಣ್ಣ ವೈರು, ಸುತ್ತ ಒಂದು ಜಾಲರಿ. ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್. ಹಳಬರು ಅದಕ್ಕೆ ಕ್ಯಾನನ್ ಅಂತಾರೆ. ಅದನ್ನು ಮೊದಲು ತಂದ ಅಮೆರಿಕದ ಕಂಪನಿಯ ಹೆಸರು ಅದು, ಕ್ಯಾಮೆರಾದವರಿಗೂ ಇವರಿಗೂ ಸಂಬಂಧವಿಲ್ಲ. 1ನೇ ಪಿನ್ನಿಗೆ ಜಾಲರಿ. 2ಕ್ಕೂ 3ಕ್ಕೂ ಒಂದೇ ದನಿ, ಆದರೆ ಒಂದಕ್ಕೊಂದು ಉಲ್ಟಾ. ದಾರಿಯಲ್ಲಿ ಲೈಟಿನ ಡಿಮ್ಮರ್ ಗಲಾಟೆ ಸೇರಿಕೊಂಡರೆ ಎರಡು ವೈರಿಗೂ ಒಂದೇ ಥರ ಸೇರುತ್ತದೆ. ಎಲ್ಲ ಮೈಕಿನ ದನಿ ಬಂದು ಸೇರುವ ಪೆಟ್ಟಿಗೆ ಇದೆಯಲ್ಲ, ಮಿಕ್ಸರ್, ಅದು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಗಲಾಟೆ ಹೋಯಿತು, ಹಾಡು ಉಳಿಯಿತು.

ಈಗ ಮೋಸ ಎಲ್ಲಿದೆ ನೋಡಿ. 1ನೇ ಪಿನ್ನಿನ ಬೆಸುಗೆ ಬಿಟ್ಟುಹೋಗಿದೆ ಅಂದುಕೊಳ್ಳಿ. ಕೈಯಲ್ಲಿ ಹಿಡಿದು ಹಾಡುವ ಮಾಮೂಲಿ ಡೈನಾಮಿಕ್ ಮೈಕು ಆ ಕೇಬಲ್ಲಿನಲ್ಲೂ ಆರಾಮಾಗಿ ಕೆಲಸ ಮಾಡಬಹುದು. ಹೆಚ್ಚೆಂದರೆ ಸ್ವಲ್ಪ ಗುಂಯ್ ಅನ್ನುತ್ತದೆ. ಅದೇ ಕೇಬಲ್ಲಿಗೆ ಮಾರನೇ ವಾರ ಕಂಡೆನ್ಸರ್ ಮೈಕು ಚುಚ್ಚುತ್ತಾರೆ. ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಹೋಗಬೇಕು, ಹೋದ ಕರೆಂಟು ವಾಪಸ್ ಬರಬೇಕಾದ್ದು 1ನೇ ಪಿನ್ನಿನಲ್ಲೇ. ದಾರಿಯೇ ಇಲ್ಲ. ಮೈಕು ಸತ್ತ ಹಾಗೆ ಬಿದ್ದಿರುತ್ತದೆ. ತಕ್ಷಣ ತೀರ್ಪು: ದುಬಾರಿ ಮೈಕು ಹೋಯಿತು! ಕೇಬಲ್ ಮಾತ್ರ ನಿರಪರಾಧಿ, ಹಿಂದಿನ ವಾರ ಚೆನ್ನಾಗೇ ಇತ್ತಲ್ಲ. ವಾಪಸ್ ಚೀಲಕ್ಕೆ.

2 ಮತ್ತು 3 ಅದಲುಬದಲಾಗಿದ್ದರೆ ಇನ್ನೂ ಚೆಂದ. ಒಂದೇ ಮೈಕಿದ್ದರೆ ಯಾರಿಗೂ ಗೊತ್ತಾಗಲ್ಲ. ಒಂದೇ ತಬಲಾದ ಹತ್ತಿರ ಎರಡು ಮೈಕಿಟ್ಟು, ಒಂದಕ್ಕೆ ಈ ಕೇಬಲ್ ಹಾಕಿ ನೋಡಿ. ಒಂದರ ದನಿ ಇನ್ನೊಂದಕ್ಕೆ ಉಲ್ಟಾ, ಒಂದನ್ನೊಂದು ನುಂಗಿಹಾಕುತ್ತವೆ. ಎರಡನ್ನೂ ತೆರೆದ ತಕ್ಷಣ ಡಗ್ಗಾದ ಗುಮ್ಮು ಮಾಯ. ಪಾಪ, ಬೈಸಿಕೊಳ್ಳುವವರು ತಬಲಾದವರು.

ಇದನ್ನೆಲ್ಲ ಹಿಡಿಯಲು ಲ್ಯಾಬ್ ಬೇಕಾಗಿಲ್ಲ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಬೀಪ್‌ಗೆ ತಿರುಗಿಸಿಕೊಳ್ಳಿ. ಒಂದು ತುದಿಯ 1ರಿಂದ ಇನ್ನೊಂದು ತುದಿಯ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ಬೀಪ್ ಬರಬೇಕು. ಅಡ್ಡಡ್ಡ ಮುಟ್ಟಿಸಿದರೆ ಬರಬಾರದು. ಎಲ್ಲರೂ ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಒಂದೇ ಎಳೆ ತಂತಿ ಹಿಡಿದುಕೊಂಡಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಅದಕ್ಕೇನು ಗೊತ್ತು ಪಾಪ. ಬೀಪ್ ಆಗುತ್ತಿರುವಾಗಲೇ ಎರಡೂ ತುದಿಯ ಕುತ್ತಿಗೆ ಹಿಡಿದು ಅಲ್ಲಾಡಿಸಬೇಕು. ಬೀಪ್ ತೊದಲಿತೋ, ಅಲ್ಲೇ ಇದೆ ರೋಗ. ನಾನು ನೋಡಿದ ಹಾಗೆ ಹತ್ತರಲ್ಲಿ ಒಂಬತ್ತು ಸಲ ರೋಗ ತುದಿಯ ನಾಲ್ಕು ಬೆರಳಿನಷ್ಟರಲ್ಲೇ ಇರುತ್ತದೆ. ಮೊಣಕೈಗೆ ಹಾಕಿ ಹಗ್ಗದ ಥರ ಬಿಗಿಯಾಗಿ ಸುತ್ತಿದರೆ ಇನ್ನೇನಾಗುತ್ತದೆ?

ಟೈಮ್ ಎಲ್ಲಿ ಕೊಡುತ್ತಾರೆ ಸಾರ್ ಅಂತ ಕೇಳುವವರಿದ್ದಾರೆ. ಗೊತ್ತು. ಐದು ಗಂಟೆ ಕಾರ್ಯಕ್ರಮಕ್ಕೆ ನಾಲ್ಕೂವರೆಗೆ ಹಾಲಿನ ಬೀಗ ತೆಗೆಯುತ್ತಾರೆ. ದುಡ್ಡಿನ ವಿಷಯ ಎತ್ತಿದರೆ, ಹೂವಿನ ಹಾರಕ್ಕೆ ಚೌಕಾಸಿ ಮಾಡದವರು ನಮ್ಮ ಹತ್ತಿರ ಮಾಡುತ್ತಾರೆ. ಎಲ್ಲ ನಿಜ. ಆದರೆ ಒಂದು ಕೇಬಲ್ಲಿಗೆ ಅರ್ಧ ನಿಮಿಷ. ಹದಿನಾರಕ್ಕೆ ಎಂಟು ನಿಮಿಷ. ಅದನ್ನು ವೇದಿಕೆ ಮೇಲೇ ಮಾಡಿ ಅಂತ ಯಾರು ಹೇಳಿದರು? ಸೋಮವಾರ ಬೆಳಿಗ್ಗೆ, ಮನೆಯಲ್ಲಿ, ಕಾಫಿ ಕುಡಿಯುತ್ತಾ ಮಾಡಿ. ಇನ್ನು "ವೈರ್‌ಲೆಸ್ ತಗೊಳ್ಳಿ" ಅಂತ ಕಮೆಂಟ್ ಹಾಕಲು ಕೈ ತುರಿಸುತ್ತಿರುವವರಿಗೆ: ಅದರ ರಿಸೀವರಿನಿಂದ ಮಿಕ್ಸರಿಗೆ ಏನು ಹೋಗುತ್ತದೆ, ಗಾಳಿಯಾ?

ಇಷ್ಟು ಬೈದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ನಮ್ಮ ಅಂಗಡಿಯಲ್ಲಿ ಅಪ್ಪ ಮಾಡಿದ ಕಟ್ಟುಪಾಡು ಒಂದಿತ್ತು. ಕೈಕೊಟ್ಟ ಕೇಬಲ್ಲಿಗೆ ಆ ಕ್ಷಣವೇ ತುದಿಯಲ್ಲಿ ಗಂಟು ಹಾಕಬೇಕು. ಗಂಟಿದ್ದದ್ದು ಗಾಡಿ ಹತ್ತಬಾರದು. ಒಂದು ರಾತ್ರಿ ಗಣಪತಿ ಪ್ರೋಗ್ರಾಂ ಮುಗಿಸಿ ಸುಸ್ತಾಗಿ ಬಂದವನು, ನಾಳೆ ಬೆಸುಗೆ ಹಾಕಿದರಾಯಿತು ಅಂತ ಒಂದನ್ನು ಗಂಟು ಹಾಕದೆ ಮೊಳೆಗೆ ನೇತುಹಾಕಿದೆ. ನಾಳೆ ಬರಲಿಲ್ಲ. ಅಪ್ಪ ಹೋದರು. ಹನ್ನೊಂದನೇ ದಿನ ಮನೆ ಮುಂದೆ ಶಾಮಿಯಾನ, ಭಜನೆ. ಎರಡನೇ ಭಜನೆಗೆ ಚರ್ ಚರ್ ಚರ್. ಸುತ್ತಮುತ್ತಲ ಮೈಕ್‌ಸೆಟ್ಟಿನವರೆಲ್ಲ ಬಂದು ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ನಿನ್ನೆ ಸುಮ್ಮನಿರಲು ಆಗಲಿಲ್ಲ. ಚೀಲದಿಂದ ಕೇಬಲ್ ಎಳೆದು, ತುದಿಯ ಕ್ಯಾಪ್ ತಿರುಗಿಸಿ ಬಿಚ್ಚಿದೆ. ಒಳಗೆ ವೈರನ್ನು ಹಿಡಿದುಕೊಳ್ಳಬೇಕಾದ ಕ್ಲಾಂಪೇ ಇಲ್ಲ. ಎಳೆತವೆಲ್ಲ ಬೆಸುಗೆಯ ಮೇಲೆ. 2ನೇ ಪಿನ್ನಿನ ಎಳೆಗಳು ಅಗಿದು ಉಗಿದ ಕಬ್ಬಿನ ಸಿಪ್ಪೆಯ ಹಾಗೆ ಕೆದರಿಕೊಂಡಿದ್ದವು. ಒಂದೇ ಒಂದು ಎಳೆ ಪಿನ್ನನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತಿತ್ತು. ಹುಡುಗನಿಗೆ ತೋರಿಸಿದೆ. ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದ. "ಅಯ್ಯೋ, ಔದಲ್ಲಣ್ಣ" ಅಂದ. ಕ್ಯಾಪ್ ಹಾಕಿ, ತುದಿಗೆ ಗಂಟು ಹಾಕಿ ಕೈಗೆ ಕೊಟ್ಟೆ. ಸೋಮವಾರ ಚೀಲ ಸಮೇತ ಅಂಗಡಿಗೆ ಬಾ, ಹದಿನಾರನ್ನೂ ನೋಡೋಣ, ದುಡ್ಡು ಬೇಡ ಅಂದೆ. ಬತ್ತೀನಿ ಕಣಣ್ಣ ಅಂದ. ಒಳ್ಳೆ ಹುಡುಗ, ಚುರುಕು.

ಗಾಡಿ ಹತ್ತಿರ ಹೆಂಡತಿ ಕಾಯುತ್ತಿದ್ದಳು. ಸ್ಟಾರ್ಟ್ ಮಾಡಿ ತಿರುಗಿ ನೋಡಿದೆ. ಹುಡುಗ ಆಟೋ ಪಕ್ಕ ನಿಂತು, ಕೇಬಲ್ ನೀಟಾಗಿ ಸುತ್ತಲು ಅಡ್ಡ ಬರುತ್ತಿದೆ ಅಂತ, ನಾನು ಹಾಕಿದ ಗಂಟನ್ನು ಹಲ್ಲಲ್ಲಿ ಕಚ್ಚಿ ಬಿಚ್ಚುತ್ತಿದ್ದ.